ಶಾಲೆಯ ಗೇಟಿನ ಫ್ರೆಂಚ್

ಫ್ರಾನ್ಸಿನಲ್ಲಿ ಮಗುವಿಗೆ ಮೂರು ವರ್ಷವಾದರೆ ಶಿಕ್ಷಣ ಕಡ್ಡಾಯ. 2019ರವರೆಗೆ ಆ ವಯಸ್ಸು ಆರಿತ್ತು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಬೇರೆ ದೇಶದಿಂದ ಬಂದ ಮಕ್ಕಳಿಗೂ ಇಲ್ಲ. ‘ಮಾತೆರ್ನೆಲ್’ ಎಂದು ಕರೆಯುವ ಈ ಶಿಶುಶಾಲೆಯಲ್ಲಿ ಸಂಜೆ ಮಗುವನ್ನು ಸುಮ್ಮನೆ ಹೊರಗೆ ಬಿಡುವಂತಿಲ್ಲ. ಅಪ್ಪ ಅಮ್ಮನ ಕೈಗೆ ಕೊಡಬೇಕು, ಅಥವಾ ಅವರು ಮೊದಲೇ ಬರೆದುಕೊಟ್ಟ ಹೆಸರಿನವರ ಕೈಗೆ ಕೊಡಬೇಕು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಬಾಗಿಲಿಗೇ ವ್ಯಾನ್ ಬರುತ್ತದೆ. ಎಷ್ಟೋ ತಂದೆತಾಯಿಯರು ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡುವುದು ಪೇರೆಂಟ್ಸ್ ಮೀಟಿಂಗಿನಲ್ಲಿ ಮಾತ್ರ. ಇಲ್ಲಿ ಹಾಗಲ್ಲ. ದಿನಾ ಬೆಳಿಗ್ಗೆ ಬಿಡಲು, ದಿನಾ ಸಂಜೆ ನಾಲ್ಕೂವರೆಗೆ ಕರೆದುಕೊಂಡು ಹೋಗಲು ಗೇಟಿನ ಮುಂದೆ ನಿಲ್ಲಲೇಬೇಕು. ಗೇಟು ತೆರೆಯುವವರೆಗಿನ ಆ ಹತ್ತು ನಿಮಿಷದಲ್ಲಿ ಫುಟ್‌ಪಾತಿನ ಮೇಲೆ ಆಡುವ ಮಾತು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಫ್ರಾನ್ಸಿಗೆ ಬರುವ ನಮ್ಮವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಫ್ರೆಂಚ್ ಅದೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಾನಿರುವ ತುಲೂಸ್ ಊರಿಗೂ ಬೆಂಗಳೂರಿಗೂ ನಂಟು ಹಳೆಯದು. ಏರ್‌ಬಸ್‌ನ ಕೇಂದ್ರ ಕಚೇರಿ ಇಲ್ಲಿದೆ, ಬೆಂಗಳೂರಿನಲ್ಲಿ ಅದರ ಎಂಜಿನಿಯರಿಂಗ್ ಕೇಂದ್ರವಿದೆ. ಫ್ರೆಂಚ್ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್‌ನ ದೊಡ್ಡ ಕೇಂದ್ರವೂ ಇಲ್ಲೇ. 2011ರಲ್ಲಿ ಇಸ್ರೊ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದಲ್ಲಿ ಅದರದ್ದೂ ಪಾಲಿತ್ತು. ಹೀಗಾಗಿ ಹಾಸನದ, ಧಾರವಾಡದ, ಮಂಗಳೂರಿನ ಎಂಜಿನಿಯರುಗಳು ಹೆಂಡತಿ ಮಕ್ಕಳೊಂದಿಗೆ ಬಂದಿಳಿಯುತ್ತಲೇ ಇರುತ್ತಾರೆ. ಕಚೇರಿಯಲ್ಲಿ ಇಂಗ್ಲಿಷ್ ಸಾಕು. ಸೂಪರ್‌ಮಾರ್ಕೆಟ್ಟಿನಲ್ಲಿ ಮಾತೇ ಬೇಡ. ಭಾಷೆ ಇಲ್ಲದೆ ಒಂದು ದಿನವೂ ನಡೆಯದ ಜಾಗವೆಂದರೆ ಶಾಲೆಯ ಗೇಟು. ಅಲ್ಲಿ ನಿಲ್ಲುವವಳು ಹೆಚ್ಚಾಗಿ, ಊರಿನಲ್ಲಿದ್ದ ತನ್ನ ಕೆಲಸ ಬಿಟ್ಟು ಬಂದ ತಾಯಿ.

ಫ್ರಾನ್ಸಿನಲ್ಲಿ ನೆಲೆಸಲು ಬರುವ ಹೆಚ್ಚಿನ ವಿದೇಶಿಯರು ಸರ್ಕಾರದೊಂದಿಗೆ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅವರ ಫ್ರೆಂಚ್ ಕಲಿಕೆಗೆ ಸರ್ಕಾರವೇ ಏರ್ಪಾಟು ಮಾಡುತ್ತದೆ. ಆದರೆ ‘ತಾಲಾಂ’ ಪರವಾನಗಿಯಲ್ಲಿ, ಎಂದರೆ ಪ್ರತಿಭಾವಂತರ ಲೆಕ್ಕದಲ್ಲಿ ಬರುವ ಎಂಜಿನಿಯರಿಗೂ ಅವನ ಕುಟುಂಬಕ್ಕೂ ಆ ಒಪ್ಪಂದದಿಂದ ವಿನಾಯಿತಿ. ಕೇಳಲು ಅನುಕೂಲವೆನಿಸುತ್ತದೆ. ಗಂಡನಿಗೆ ಕಂಪನಿ ಪಾಠ ಹೇಳಿಸೀತು; ಹೆಂಡತಿಯನ್ನು ಯಾವ ತರಗತಿಗೂ ಯಾರೂ ಕರೆಯುವುದಿಲ್ಲ. ಒಂದೇ ದೇಶದಿಂದ ಬಂದ, ಒಂದೇ ಗೇಟಿನ ಮುಂದೆ ನಿಂತ ಇಬ್ಬರು ತಾಯಂದಿರಲ್ಲಿ ಗಂಡನ ಸಂಬಳ ಕಡಿಮೆ ಇರುವವಳಿಗೆ ಪಾಠ ಸಿಗುತ್ತದೆ, ಇನ್ನೊಬ್ಬಳಿಗೆ ಸಿಗುವುದಿಲ್ಲ. ಇದು ನನಗೆ ಸರಿಯೆನಿಸಿಲ್ಲ.

ಇಷ್ಟಕ್ಕೂ ಆ ಹತ್ತು ನಿಮಿಷದ ಮಾತು ಯಾಕಿಷ್ಟು ಮುಖ್ಯ? ನಾಲ್ಕು ವರ್ಷದ ಮಗು ತನ್ನ ಸ್ನೇಹವನ್ನು ತಾನೇ ಮನೆಗೆ ಕರೆತರಲಾರದು. ಶಾಲೆಯೊಳಗೆ ಇಡೀ ದಿನ ಕೈಕೈ ಹಿಡಿದು ಓಡಾಡಿದ ಇಬ್ಬರು ಮಕ್ಕಳು ಬುಧವಾರ ಮಧ್ಯಾಹ್ನ ಪಾರ್ಕಿನಲ್ಲಿ ಸೇರಬೇಕಾದರೆ ದೊಡ್ಡವರು ಮಾತಾಡಿಕೊಂಡಿರಬೇಕು. ಹುಟ್ಟುಹಬ್ಬಕ್ಕೆ ಕರೆಯುವುದು, ಕರೆದರೆ ಬರುತ್ತೇವೆಂದು ಹೇಳುವುದು, ಮಳೆ ಬಂದರೆ ನಮ್ಮನೆಗೇ ಬನ್ನಿ ಎನ್ನುವುದು, ಎಲ್ಲವೂ ಗೇಟಿನ ಬಳಿ ನಡೆಯುತ್ತದೆ. ತಾಯಿ ಅಲ್ಲಿ ಫೋನ್ ನೋಡುತ್ತಾ ದೂರ ನಿಂತರೆ ಮಗುವಿನ ಗೆಳೆತನ ನಾಲ್ಕೂವರೆಗೆ ಮುಗಿದುಹೋಗುತ್ತದೆ. ಇನ್ನೊಂದೂ ಇದೆ. ಮಕ್ಕಳಿಗೆ ಭಾಷೆ ಬೇಗ ಹತ್ತುತ್ತದೆ. ಆಮೇಲೆ ಅಮ್ಮನ ಪರವಾಗಿ ಅವರೇ ಮಾತಾಡಲು ಶುರುಮಾಡುತ್ತಾರೆ. ಅಂಗಡಿಯಲ್ಲಿ ಹಾಗೆ ಮಾಡಿದರೆ ಮುದ್ದಾಗಿಯೇ ಕಾಣುತ್ತದೆ. ಆದರೆ ‘ನಿಮ್ಮ ಮಗ ಬೇರೆ ಮಕ್ಕಳನ್ನು ತಳ್ಳುತ್ತಾನೆ’ ಎಂದು ಟೀಚರ್ ಹೇಳುವುದನ್ನು ಅದೇ ಮಗ ಅಮ್ಮನಿಗೆ ಅನುವಾದಿಸಿ ಹೇಳಬೇಕಾಗಿ ಬರಬಾರದು. ಅದು ಮಗುವಿನ ಹೆಗಲಿಗೆ ಹೊರಿಸುವ ಹೊರೆಯಲ್ಲ.

ನಮ್ಮಲ್ಲಿ ಪಿಯುಸಿಯಲ್ಲಿ ಅಂಕ ಚೆನ್ನಾಗಿ ಬರುತ್ತದೆಂದು ಫ್ರೆಂಚ್ ತೆಗೆದುಕೊಂಡವರು ಬಹಳ. ವಸಂತನಗರದ ಅಲಿಯಾನ್ಸ್ ಫ್ರಾಂಸೇಜ್‌ನಲ್ಲಿ ಶ್ರದ್ಧೆಯಿಂದ ಕಲಿತು ಬಂದವರೂ ಇದ್ದಾರೆ. ಆ ಬುನಾದಿ ವ್ಯರ್ಥವಲ್ಲ. ಆದರೆ ಬಂದ ಹೊಸದರಲ್ಲಿ ಅವರಿಗೂ ಗೇಟಿನ ಮಾತು ಅರ್ಥವಾಗುವುದಿಲ್ಲ, ಏಕೆಂದರೆ ಆಡುವ ಫ್ರೆಂಚ್ ಬರೆಯುವ ಫ್ರೆಂಚಿನಿಂದ ದೂರ ಸರಿದಿದೆ. ‘ನನಗೆ ಗೊತ್ತಿಲ್ಲ’ ಎನ್ನಲು ಪುಸ್ತಕದಲ್ಲಿ ‘ಜ ನ ಸೆ ಪಾ’ ಎಂದಿದ್ದರೆ ಗೇಟಿನಲ್ಲಿ ಕೇಳುವುದು ‘ಶೆ ಪಾ’. ‘ಇದೆ’ ಎನ್ನುವ ‘ಇಲ್ ಇ ಆ’ ಬರಿಯ ‘ಯಾ’ ಆಗಿರುತ್ತದೆ. ‘ನಾವು’ ಎಂಬುದಕ್ಕೆ ಪುಸ್ತಕ ‘ನು’ ಎಂದು ಕಲಿಸಿ ಅದಕ್ಕೆ ತಕ್ಕ ಕ್ರಿಯಾಪದಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತದೆ. ಇಲ್ಲಿ ಎಲ್ಲರೂ ‘ಓಂ’ ಎನ್ನುತ್ತಾರೆ, ಕ್ರಿಯಾಪದ ಏಕವಚನದ್ದೇ ಬರುತ್ತದೆ. ಇದರಿಂದ ಕಲಿಯುವವರಿಗೆ ಲಾಭವೇ, ನೆನಪಿಡಬೇಕಾದದ್ದು ಕಡಿಮೆ. ಮೇಜು ಸ್ತ್ರೀಲಿಂಗವೋ ಪುಲ್ಲಿಂಗವೋ ಎಂದು ತಲೆ ಕೆಡಿಸಿಕೊಳ್ಳುವುದನ್ನು ಮೊದಲ ವರ್ಷ ಬಿಟ್ಟುಬಿಡಿ ಎಂದೇ ನಾನು ಹೇಳುವುದು. ಲಿಂಗ ತಪ್ಪಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಗಂಟೆ, ತಾರೀಕು, ಸಂಖ್ಯೆ ತಪ್ಪಿದರೆ ಮಗು ಮುಚ್ಚಿದ ಬಾಗಿಲಿನ ಮುಂದೆ ಉಡುಗೊರೆ ಹಿಡಿದು ನಿಂತಿರುತ್ತದೆ.

ಸಂಖ್ಯೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ರಾನ್ಸಿನಲ್ಲಿ ಫೋನ್ ನಂಬರಿನ ಹತ್ತು ಅಂಕಿಗಳನ್ನು ಎರಡೆರಡಾಗಿ ಹೇಳುತ್ತಾರೆ. ಎಪ್ಪತ್ತಕ್ಕೆ ಇವರಲ್ಲಿ ಬೇರೆ ಹೆಸರಿಲ್ಲ, ಅದು ‘ಅರವತ್ತು-ಹತ್ತು’. ಎಂಬತ್ತು ಎಂದರೆ ‘ನಾಲ್ಕು-ಇಪ್ಪತ್ತು’. ತೊಂಬತ್ತೇಳು ‘ನಾಲ್ಕು-ಇಪ್ಪತ್ತು-ಹತ್ತು-ಏಳು’. ಹೇಳುವವರು ‘ಕಾತ್ರ್’ ಎಂದೊಡನೆ ನಾವು 4 ಒತ್ತಿರುತ್ತೇವೆ, ‘ವ್ಯಾಂ’ ಎಂದಾಗ ಅಳಿಸಿ 80 ಮಾಡುತ್ತೇವೆ, ಅಷ್ಟರಲ್ಲಿ ‘ದಿಸೆತ್’ ಬಂದು ಅದು 97 ಆಗಿರುತ್ತದೆ, ಮುಂದಿನ ಜೋಡಿ ಆಗಲೇ ಅರ್ಧ ಮುಗಿದಿರುತ್ತದೆ. ಪಕ್ಕದ ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ನೇರವಾದ ಪದಗಳನ್ನೇ ಬಳಸುತ್ತಾರೆ, ಫ್ರಾನ್ಸಿನವರು ಮಾತ್ರ ಬಿಟ್ಟಿಲ್ಲ. ಉಪಾಯವೊಂದೇ: ಜೋಡಿ ಪೂರ್ತಿ ಕಿವಿಗೆ ಬೀಳುವವರೆಗೆ ಬೆರಳು ಆಡಿಸಬಾರದು. ಇದನ್ನು ಮನೆಯಲ್ಲಿ ಗಂಡ ಹೆಂಡತಿ ಕೂತು ಅಭ್ಯಾಸ ಮಾಡಬಹುದು, ಒಬ್ಬರು ಹೇಳಿ ಇನ್ನೊಬ್ಬರು ಬರೆದು. ಗಂಟೆಯೂ ಇಪ್ಪತ್ತನಾಲ್ಕರ ಲೆಕ್ಕದಲ್ಲಿ ಬರುತ್ತದೆ, ನಾಲ್ಕೂವರೆ ಇಲ್ಲಿ ಹದಿನಾರೂವರೆ. ವಾರಗಳ ಲೆಕ್ಕ ಮಾತ್ರ ಕನ್ನಡಿಗರಿಗೆ ಕಲಿಯದೆಯೇ ಬರುತ್ತದೆ. ಒಂದು ವಾರಕ್ಕೆ ಇವರು ‘ಎಂಟು ದಿನ’ ಎನ್ನುತ್ತಾರೆ, ಎರಡು ವಾರಕ್ಕೆ ‘ಹದಿನೈದು ದಿನ’. ನಮ್ಮ ಅಜ್ಜಿಯರೂ ಹಾಗೇ ಅಲ್ಲವೇ ಎಣಿಸಿದ್ದು?

ಇನ್ನು ಮಾತಿನ ವಿಷಯಕ್ಕೆ ಬಂದರೆ, ಗೇಟಿನ ಮಾತು ಮೊದಲಿಗೆ ಯಾವ ದಿಕ್ಕಿಗೆ ಹರಿಯುತ್ತದೋ ತಿಳಿಯದು ಎನಿಸುತ್ತದೆ. ಒಂದು ವರ್ಷ ನಿಂತು ಕೇಳಿದವರಿಗೆ ಅದು ಪಂಚಾಂಗದಂತೆ ನಡೆಯುತ್ತದೆಂದು ಗೊತ್ತಾಗುತ್ತದೆ. ಸೆಪ್ಟೆಂಬರಿನಲ್ಲಿ ‘ರಾಂತ್ರೆ’, ಶಾಲೆ ಶುರು. ಯಾವ ಟೀಚರ್ ಸಿಕ್ಕರು, ಎರಡು ತರಗತಿ ಸೇರಿಸಿದ್ದಾರಂತೆ, ಬಿಟ್ಟು ಹೋಗುವಾಗ ಅಳುತ್ತಾನೆಯೇ, ಇಷ್ಟೇ ವಿಷಯ. ನವೆಂಬರಿನಿಂದ ಫೆಬ್ರುವರಿವರೆಗೆ ಕಾಯಿಲೆ: ‘ಗಾಸ್ತ್ರೋ’ ಎಂಬ ವಾಂತಿಭೇದಿ, ಕೆಮ್ಮು, ರಜೆ ಹಾಕಿದ ಟೀಚರಿಗೆ ಬದಲಿಯವರು ಬಂದಿಲ್ಲವೆಂಬ ದೂರು, ಮತ್ತೆ ಹೇನು. ಹೇನಿಗೆ ‘ಪೂ’ ಎನ್ನುತ್ತಾರೆ. ತರಗತಿಯಲ್ಲಿ ಪೂ ಬಂದಿದೆ ಎಂಬ ಚೀಟಿ ಬಂದ ಸಂಜೆ ಗೇಟಿನಲ್ಲಿ ಮಾತಾಡದವರೇ ಇಲ್ಲ. ಬಾಚಣಿಗೆ ಯಾವುದು ಒಳ್ಳೆಯದು, ದಿಂಬಿನ ಕವರು ಎಷ್ಟು ಬಿಸಿನೀರಿನಲ್ಲಿ ಒಗೆಯಬೇಕು ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಹೇನು ಬಾಚುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಹೇಳಲು ವಿಷಯವಿರುವಲ್ಲಿ ಭಾಷೆ ತಾನಾಗಿ ಹೊರಬರುತ್ತದೆ. ವಸಂತಕಾಲಕ್ಕೆ ಪ್ರವಾಸಗಳು, ಮೇ ತಿಂಗಳಲ್ಲಿ ರಜೆಗಳ ಸಾಲು, ಜೂನಿನಲ್ಲಿ ‘ಕೆರ್ಮೆಸ್’ ಎಂಬ ಶಾಲೆಯ ಜಾತ್ರೆ, ಟೀಚರಿಗೆ ಉಡುಗೊರೆ ಕೊಡಲು ಎಲ್ಲರೂ ಸೇರಿ ದುಡ್ಡು ಹಾಕುವುದು. ಸುಮಾರು ಏಳು ವಾರಕ್ಕೊಮ್ಮೆ ಬರುವ ರಜೆಯ ಮುಂದೆ ‘ಎಲ್ಲಿಗಾದರೂ ಹೋಗ್ತೀರಾ?’, ರಜೆಯ ನಂತರ ‘ಹೇಗಿತ್ತು?’. ಇದೆಲ್ಲ ಮೊದಲೇ ಗೊತ್ತಿರುವುದರಿಂದ ಹದಿನೈದು ದಿನ ಮುಂಚೆಯೇ ಆ ಮಾತುಗಳನ್ನು ತಯಾರು ಮಾಡಿಟ್ಟುಕೊಳ್ಳಬಹುದು. ಯಾವ ಕೋರ್ಸಿನ ಪಠ್ಯಕ್ರಮಕ್ಕಿಂತಲೂ ಶಾಲೆಯ ಕ್ಯಾಲೆಂಡರು ಒಳ್ಳೆಯ ಪಠ್ಯಕ್ರಮ.

ಮುಷ್ಕರಕ್ಕೆ ಇಲ್ಲಿ ತನ್ನದೇ ಸ್ಥಾನವಿದೆ. ‘ಗ್ರೆವ್’ ಎಂಬ ಪದ ಕೇಳಿದೊಡನೆ ಪ್ರತಿಯೊಬ್ಬರೂ ಪಕ್ಕದವರತ್ತ ತಿರುಗಿ ‘ಮಂಗಳವಾರ ಏನು ಮಾಡ್ತೀಯ?’ ಎನ್ನುತ್ತಾರೆ. 2008ರ ಕಾನೂನಿನ ಪ್ರಕಾರ ಶಾಲೆಯೊಂದರ ಶಿಕ್ಷಕರಲ್ಲಿ ಶೇ 25 ಅಥವಾ ಅದಕ್ಕಿಂತ ಹೆಚ್ಚು ಮಂದಿ ಮುಷ್ಕರ ಹೂಡಿದರೆ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಟನ್ನು ನಗರಾಡಳಿತ ಮಾಡಬೇಕು. ಆದರೂ ತಂದೆತಾಯಿಯರು ತಮ್ಮತಮ್ಮಲ್ಲೇ ಹಂಚಿಕೊಳ್ಳುವುದು ಹೆಚ್ಚು. ಮನೆಯಲ್ಲಿರುವ ನಮ್ಮ ತಾಯಂದಿರು ‘ನಮ್ಮನೆಗೆ ಬಿಡಿ, ನಾನು ನೋಡ್ಕೊಳ್ತೀನಿ’ ಎಂಬ ಒಂದು ವಾಕ್ಯವನ್ನು ಫ್ರೆಂಚಿನಲ್ಲಿ ಕಲಿತಿಟ್ಟುಕೊಂಡರೆ ಆ ಒಂದು ಮಂಗಳವಾರಕ್ಕೆ ಎರಡು ಸಂಸಾರಗಳ ಸ್ನೇಹವಾಗುತ್ತದೆ. ಹಾಸನದ ಕಡೆಯ ಗೆಳತಿಯೊಬ್ಬರಿಗೆ ಇಲ್ಲಿ ಸಿಕ್ಕ ಅತ್ಯಂತ ಆಪ್ತ ಗೆಳತಿ ಹೀಗೆ ಮುಷ್ಕರದ ದಿನ ಮಗಳನ್ನು ತಂದು ಬಿಟ್ಟವರೇ.

ಮರ್ಯಾದೆಯ ವಿಷಯದಲ್ಲಿ ಕನ್ನಡಿಗರು ಇಂಗ್ಲಿಷಿನವರಿಗಿಂತ ಮುಂದಿದ್ದಾರೆ. ನೀನು ಎನ್ನುವ ‘ತು’, ನೀವು ಎನ್ನುವ ‘ವು’ಗಳನ್ನು ನಮಗೆ ವಿವರಿಸಬೇಕಿಲ್ಲ. ಆದರೆ ಗಡಿ ಬೇರೆ ಕಡೆ ಇದೆ. ಅಪರಿಚಿತ ತಾಯಿಯೊಬ್ಬರನ್ನು ನಾವು ವರ್ಷಗಟ್ಟಲೆ ನೀವು ಎಂದೇ ಕರೆಯುತ್ತೇವೆ. ಇಲ್ಲಿ ಒಂದೇ ತರಗತಿಯ ಮಕ್ಕಳ ತಾಯಂದಿರು ಕೆಲವೇ ದಿನಗಳಲ್ಲಿ ಏಕವಚನಕ್ಕೆ ಬರುತ್ತಾರೆ. ಅವರು ಇಳಿದ ಮೇಲೂ ನಾವು ಬಹುವಚನದಲ್ಲೇ ಉಳಿದರೆ ಅದನ್ನು ಗೌರವವೆಂದು ತಿಳಿಯದೆ ದೂರವಿಡುತ್ತಿದ್ದಾರೆಂದು ತಿಳಿಯುತ್ತಾರೆ. ಟೀಚರಿಗೆ, ಮುಖ್ಯಶಿಕ್ಷಕಿಗೆ ಮಾತ್ರ ಕಡೆಯವರೆಗೂ ಬಹುವಚನ. ‘ಬೊಂಜೂರ್’ ಎನ್ನದೆ ಪ್ರಶ್ನೆ ಕೇಳುವುದು ಇಲ್ಲಿ ದೊಡ್ಡ ಒರಟುತನ. ಬಾಗಿಲು ಎಲ್ಲಿದೆ ಎಂದು ಕೇಳುವ ಮುನ್ನವೂ ಬೊಂಜೂರ್ ಬೇಕು. ಕೆನ್ನೆಗೆ ಕೆನ್ನೆ ತಾಗಿಸುವ ಪದ್ಧತಿ ಇಷ್ಟವಿಲ್ಲದವರು ಮೊದಲೇ ಕೈ ಚಾಚಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಇಂಥವರ ಅಮ್ಮ ಎಂದರಾಯಿತು, ಅವರೂ ನಮ್ಮನ್ನು ಹಾಗೇ ಕರೆಯುತ್ತಿರುತ್ತಾರೆ. ಇನ್ನು ಮಾತು ಮುಗಿಸುವುದು: ‘ಬರ್ತೀನಿ’ ಎಂಬ ಒಂದೇ ಮಾತಿನಲ್ಲಿ ನಾವು ಎಲ್ಲವನ್ನೂ ಮುಗಿಸಿದರೆ ಇವರಿಗೆ ಪ್ರತಿ ಸಂದರ್ಭಕ್ಕೂ ಒಂದು ಹಾರೈಕೆ ಬೇಕು. ಒಳ್ಳೆಯ ಸಂಜೆ, ಒಳ್ಳೆಯ ವಾರಾಂತ್ಯ, ಒಳ್ಳೆಯ ರಜೆ, ಕಷ್ಟವಿದ್ದವರಿಗೆ ‘ಬೋಂ ಕುರಾಜ್’. ಕಲಿಯಲು ಸುಲಭ, ಸಮಯಕ್ಕೆ ಸರಿಯಾಗಿ ಹೇಳಿದರೆ ಮುಖಗಳು ಅರಳುತ್ತವೆ.

ಉಚ್ಚಾರಣೆಯಲ್ಲಿ ತುಲೂಸಿಗೆ ಬಂದವರು ಅದೃಷ್ಟವಂತರು. ಪ್ಯಾರಿಸಿನವರು ನುಂಗುವ ಪದದ ಕೊನೆಯ ಸ್ವರವನ್ನು ದಕ್ಷಿಣದವರು ಹೇಳುತ್ತಾರೆ. ಕೆಂಪಿಟ್ಟಿಗೆಯ ಈ ಊರಿನ ಅಡ್ಡಹೆಸರು ಪ್ಯಾರಿಸಿನಲ್ಲಿ ‘ವಿಲ್ ರೋಜ್’, ಇಲ್ಲಿನ ಹಿರಿಯರ ಬಾಯಲ್ಲಿ ‘ವಿಲ ರೊಜ’. ಸ್ವರದಿಂದ ಮುಗಿಯುವ ಪದಗಳಿಗೆ ಒಗ್ಗಿದ ಕನ್ನಡದ ಕಿವಿಗೆ ಇದು ಹಿತ. ಮೂಗಿನಲ್ಲಿ ಆಡುವ ಸ್ವರಗಳು ನಮಗೆ ಕಷ್ಟ. ಕರಾವಳಿಯ ಕೊಂಕಣಿಯವರಿಗೆ ಅವು ಮನೆಮಾತಿನಲ್ಲೇ ಇವೆ. ‘ತು’ ಎಂಬಲ್ಲಿನ ಸ್ವರ ಯಾರಿಗೂ ಸುಲಭವಲ್ಲ. ಬಾಯೊಳಗೆ ‘ಈ’ ಎನ್ನುತ್ತಾ ತುಟಿಯನ್ನು ಮಾತ್ರ ‘ಊ’ ಎನ್ನುವಂತೆ ಮುಂದೆ ಚಾಚಬೇಕು. ಕನ್ನಡಿಯ ಮುಂದೆ ನಿಂತು ಮಾಡಿದರೆ ಬರುತ್ತದೆ. ಸಂಜೆ ಮಕ್ಕಳಿಗೆ ಕೊಡುವ ತಿಂಡಿ ‘ಗೂತೆ’. ಅದಕ್ಕೆ ತರುವ ಚಾಕೊಲೇಟ್ ತುಂಬಿದ ಬನ್ನನ್ನು ದೇಶದ ಹೆಚ್ಚಿನವರು ಬೇರೆ ಹೆಸರಿನಿಂದ ಕರೆದರೂ ಇಲ್ಲಿ ‘ಶೊಕೊಲಾತೀನ್’ ಎಂದೇ ಕೇಳಬೇಕು. ಊರಿನವರು ಈ ವಿಷಯದಲ್ಲಿ ಬಿಟ್ಟುಕೊಡುವುದಿಲ್ಲ.

ತಿಂಡಿಯ ಮಾತು ಬಂದಾಗ ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ‘ಹಾಗಾದರೆ ಕೋಳಿ?’ ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ಮೀನು, ಆಮೇಲೆ ‘ಜಾಂಬೋಂ’ ಎಂಬ ಹಂದಿಮಾಂಸದ ತೆಳು ಹಾಳೆ. ಹುಟ್ಟುಹಬ್ಬದಲ್ಲಿ ಹಂಚುವ ಜೆಲ್ಲಿ ಮಿಠಾಯಿಯಲ್ಲಿ ಅನೇಕ ವೇಳೆ ಹಂದಿಯ ಜೆಲಟಿನ್ ಇರುತ್ತದೆ. ಆದ್ದರಿಂದ ಮಾಂಸ, ಕೋಳಿ, ಮೀನು, ಹ್ಯಾಮ್, ಜೆಲಟಿನ್ ಯಾವುದೂ ಬೇಡ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ರೂಢಿಸಿಕೊಳ್ಳಬೇಕು. ಅತಿಥೇಯ ತಾಯಿಗೆ ಬೇಕಾದದ್ದು ಪಟ್ಟಿ, ತತ್ವದ ವಿವರಣೆ ಅಲ್ಲ. ಶಾಲೆಯ ಊಟದಲ್ಲಿ 2018ರ ಕಾನೂನಿನ ಫಲವಾಗಿ 2019ರ ನವೆಂಬರಿನಿಂದ ವಾರಕ್ಕೊಮ್ಮೆಯಾದರೂ ಸಸ್ಯಾಹಾರ ಬಡಿಸುತ್ತಾರೆ; ಉಳಿದ ದಿನಗಳ ವ್ಯವಸ್ಥೆ ಊರಿಂದೂರಿಗೆ ಬೇರೆ.

ಕೇಕ್ ಒಂದು ಇಲ್ಲಿ ಭಾಷಾಪಾಠದ ಕೆಲಸ ಮಾಡುತ್ತದೆ. ಪ್ರವಾಸದ ಖರ್ಚಿಗೆ ದುಡ್ಡು ಕೂಡಿಸಲು ಗೇಟಿನ ಬಳಿ ಕೇಕ್ ಮಾರುತ್ತಾರೆ, ಎಲ್ಲರೂ ಮನೆಯಿಂದ ಮಾಡಿ ತರುತ್ತಾರೆ. ಫ್ರಾನ್ಸಿನ ಮಕ್ಕಳು ಮಾತೆರ್ನೆಲ್‌ನಲ್ಲೇ ಕಲಿಯುವ ಮೊಸರಿನ ಕೇಕಿಗೆ ತಕ್ಕಡಿ ಬೇಡ. 125 ಗ್ರಾಂ ಮೊಸರಿನ ಪುಟ್ಟ ಡಬ್ಬಿಯೇ ಅಳತೆ: ಒಂದು ಡಬ್ಬಿ ಮೊಸರು, ಎರಡು ಡಬ್ಬಿ ಸಕ್ಕರೆ, ಮೂರು ಡಬ್ಬಿ ಮೈದಾ, ಅರ್ಧ ಡಬ್ಬಿ ಎಣ್ಣೆ, ಮೂರು ಮೊಟ್ಟೆ, ಬೇಕಿಂಗ್ ಪೌಡರಿನ ಒಂದು ಪೊಟ್ಟಣ. ಇದನ್ನು ಹೇಗೆ ಮಾಡುವುದೆಂದು ಗೇಟಿನಲ್ಲಿ ಯಾರನ್ನಾದರೂ ಕೇಳಿ. ಎದುರಿನವರು ಕೈಯಲ್ಲಿ ಕಲೆಸಿ ತೋರಿಸುತ್ತಾ, ನಿಧಾನವಾಗಿ, ಸಂಖ್ಯೆಗಳನ್ನು ಒತ್ತಿ ಹೇಳುತ್ತಾ ವಿವರಿಸುತ್ತಾರೆ. ಆದರೆ ಇದನ್ನು ಗುಂಪಿನಲ್ಲಿ ಕೇಳಬೇಡಿ. ಐದಾರು ಜನ ಒಟ್ಟಿಗೆ ನಗುತ್ತಾ ಮಾತಾಡುವಾಗ ನಡುವೆ ನುಗ್ಗುವುದು ಹೊಸಬರಿಂದ ಆಗದು. ಭಾಷಾ ಪರೀಕ್ಷೆಯಲ್ಲಿ ಎ2 ಮಟ್ಟ ದಾಟಿದವರಿಗೂ ಆಗುವುದಿಲ್ಲ. ಐದು ನಿಮಿಷ ಮುಂಚೆ ಹೋಗಿ, ಒಂಟಿಯಾಗಿ ನಿಂತವರನ್ನು ಹುಡುಕಿ, ಉದ್ದ ಉತ್ತರ ಬರುವ ಒಂದು ಪ್ರಶ್ನೆ ಕೇಳಬೇಕು.

ಬರವಣಿಗೆಯದು ಇನ್ನೊಂದು ಲೋಕ. ಮಗುವಿನ ಚೀಲದಲ್ಲಿ ಬರುವ ಸಂಪರ್ಕ ಪುಸ್ತಕದಲ್ಲಿ ಟೀಚರ್ ಕೂಡಕ್ಷರದಲ್ಲಿ ಬರೆದಿರುತ್ತಾರೆ. ಇವರ ಒಂದು ನಮ್ಮ ಏಳರಂತೆ ಕಾಣುತ್ತದೆ, ಏಳಿಗೆ ನಡುವೆ ಅಡ್ಡಗೆರೆ ಇರುತ್ತದೆ. ಓದಿ ಸಹಿ ಹಾಕಿ ಮರುದಿನ ಕಳಿಸಬೇಕು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೊಂಜೂರ್ ಮೂರೇ ಅಕ್ಷರಕ್ಕೆ ಇಳಿದಿರುತ್ತದೆ, ಕ್ಷಮಿಸಿ ಎಂಬುದೂ ಮೂರಕ್ಕೆ. ಅನುವಾದದ ಆ್ಯಪ್ ಇಂಥಲ್ಲಿ ಎಡವುತ್ತದೆ. ಗುಂಪಿನ ಸಂದೇಶವನ್ನು ಗಟ್ಟಿಯಾಗಿ ಓದಿದರೆ ಬಹುಪಾಲು ಬಿಡಿಸಿಕೊಳ್ಳುತ್ತದೆ. ಕಳೆದುಹೋದ ‘ದೂದೂ’ ಬಗ್ಗೆ, ಎಂದರೆ ಮಗು ಹಿಡಿದು ಮಲಗುವ ಬಟ್ಟೆಗೊಂಬೆಯ ಬಗ್ಗೆ ಸಂದೇಶ ಬಂದರೆ ಮಾತ್ರ ಕೂಡಲೇ ನಮ್ಮ ಮಗುವಿನ ಚೀಲ ತೆಗೆದು ನೋಡಬೇಕು. ಅದಿಲ್ಲದೆ ಒಂದು ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ.

ಕಲಿಯಲು ದಾರಿಗಳಿವೆ. ‘ಮಾಕ್ಸ್ ಎ ಲಿಲಿ’ ಎಂಬ ಮಕ್ಕಳ ಚಿತ್ರಕಥೆಗಳ ಮಾಲೆ 1992ರಿಂದ ಬರುತ್ತಿದೆ. ಒಡಹುಟ್ಟಿದವರ ಜಗಳ, ಶಾಲೆಯ ಭಯ, ಜೇಬುಖರ್ಚು, ಎಲ್ಲವೂ ಆಡುಮಾತಿನ ಸಂಭಾಷಣೆಯಲ್ಲೇ ಇವೆ. ನಗರ ಗ್ರಂಥಾಲಯದಿಂದ ತಂದು ಮಗುವಿನ ಜತೆ ಓದಬಹುದು. ಆರ್‌ಎಫ್‌ಐ ರೇಡಿಯೊ ಸುಲಭ ಫ್ರೆಂಚಿನಲ್ಲಿ ಕೊಡುವ ಸುದ್ದಿಯೂ ಒಳ್ಳೆಯದು, ಆದರೆ ಅದು ಸುದ್ದಿಯ ಭಾಷೆ. ವಿದೇಶಿ ತಂದೆತಾಯಿಯರಿಗಾಗಿಯೇ ಶಾಲೆಗಳೊಳಗೆ ಉಚಿತವಾಗಿ ಫ್ರೆಂಚ್ ಕಲಿಸುವ, 2008ರಲ್ಲಿ ಆರಂಭವಾದ ಸರ್ಕಾರಿ ಕಾರ್ಯಕ್ರಮವೊಂದಿದೆ. ಅದರ ಈಗಿನ ಹೆಸರಿನ ಅರ್ಥ ‘ಮಕ್ಕಳ ಯಶಸ್ಸಿಗಾಗಿ ತಂದೆತಾಯಿಯರಿಗೆ ಶಾಲೆ ತೆರೆಯುವುದು’. ಮಕ್ಕಳನ್ನು ಬಿಟ್ಟ ಮೇಲೆ ಅಲ್ಲೇ ಪಾಠ, ಶಾಲೆಯದ್ದೇ ಚೀಟಿಗಳು, ಶಾಲೆಯದ್ದೇ ವಿಷಯಗಳು. ಎಲ್ಲ ಶಾಲೆಗಳಲ್ಲಿ ಇಲ್ಲ, ಹತ್ತಿರದಲ್ಲಿ ಎಲ್ಲಿದೆಯೆಂದು ಮುಖ್ಯಶಿಕ್ಷಕಿಯನ್ನು ಸೆಪ್ಟೆಂಬರಿನಲ್ಲೇ ಕೇಳಬೇಕು. ಇಲ್ಲೇ ನೆಲೆಸಬಯಸುವವರಿಗೆ ಇನ್ನೊಂದು ಮಾತು: 2026ರ ಜನವರಿ 1ರಿಂದ ಹತ್ತು ವರ್ಷದ ನಿವಾಸ ಕಾರ್ಡಿಗೆ ಬಿ1, ಪೌರತ್ವಕ್ಕೆ ಬಿ2 ಮಟ್ಟದ ಫ್ರೆಂಚ್ ಬೇಕು. ಪರೀಕ್ಷೆಗಾಗಿ ಮಾತ್ರ ಓದಿದವರಿಗಿಂತ, ಎರಡು ವರ್ಷ ಗೇಟಿನಲ್ಲಿ ಬಾಯಿಬಿಟ್ಟು ಮಾತಾಡಿದವರು ಅದರ ಮೌಖಿಕ ಭಾಗವನ್ನು ಸಲೀಸಾಗಿ ದಾಟುತ್ತಾರೆ.

ಪ್ರತಿ ಅಕ್ಟೋಬರಿನಲ್ಲಿ ಶಾಲೆಗಳಲ್ಲಿ ಪೋಷಕ ಪ್ರತಿನಿಧಿಗಳ ಚುನಾವಣೆ ನಡೆಯುತ್ತದೆ. ಭಾರತೀಯ ಪೌರರಿಗೆ ಫ್ರಾನ್ಸಿನ ನಗರಸಭೆ ಚುನಾವಣೆಯಲ್ಲೂ ಮತವಿಲ್ಲ. ಈ ಚುನಾವಣೆಯಲ್ಲಿ ಮಾತ್ರ ರಾಷ್ಟ್ರೀಯತೆ ಕೇಳುವುದಿಲ್ಲ; ಅಪ್ಪನಿಗೊಂದು ಅಮ್ಮನಿಗೊಂದು ಮತ, ಇಬ್ಬರೂ ನಿಲ್ಲಬಹುದು. ಗೆದ್ದವರು ವರ್ಷಕ್ಕೆ ಮೂರು ಬಾರಿಯಾದರೂ ಸೇರುವ ಶಾಲಾ ಸಭೆಯಲ್ಲಿ ಮುಖ್ಯಶಿಕ್ಷಕಿ, ಶಿಕ್ಷಕರು, ನಗರಾಡಳಿತದ ಪ್ರತಿನಿಧಿಯ ಎದುರು ಕೂರುತ್ತಾರೆ. ಊಟದ ಗುಣಮಟ್ಟ, ಶೌಚಾಲಯ, ರಸ್ತೆ ದಾಟುವ ಜಾಗ, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಬರೀ ಸಸ್ಯಾಹಾರದ ದಿನ ಹೆಚ್ಚಿಸಿ ಎಂದು ಕೇಳಲಾದರೂ ನಮ್ಮವರೊಬ್ಬರು ಅಲ್ಲಿರಬೇಕೆಂಬುದು ನನ್ನ ಆಸೆ. ಸೆಪ್ಟೆಂಬರ್ ತಿಂಗಳಲ್ಲಿ ಗೇಟಿನ ಬಳಿ ಕರಪತ್ರ ಹಂಚುತ್ತಾ ನಿಂತಿರುವವರು ಹೆಚ್ಚಾಗಿ ಈ ಚುನಾವಣೆಗೆ ಅಭ್ಯರ್ಥಿಗಳ ಪಟ್ಟಿ ತಯಾರಿಸುವ ಪೋಷಕರೇ. ಅವರ ಬಳಿ ಹೆಸರು ಬರೆಸಿದರಾಯಿತು.